ಬಾಗಿಲಾಚೆ ನಾಲ್ಕು ಜೊತೆ

ನಾಲ್ಕನೆಯ ಮಹಡಿಯಲ್ಲಿ ಎಷ್ಟು ಜನ ಇದ್ದಾರೆಂದು ಕೇಳಿದರೆ ನಾನು ಯಾರ ಬಾಗಿಲನ್ನೂ ಬಡಿಯುತ್ತಿರಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು, ಬಾಗಿಲುಗಳ ಮುಂದೆ ಬಿಟ್ಟಿದ್ದ ಶೂಗಳನ್ನು ಎಣಿಸಿ ಹೇಳಿಬಿಡುತ್ತಿದ್ದೆ. ಶೂ ಮೆಟ್ಟಿಕೊಂಡೇ ಮನೆಯೊಳಗೆ ಬರುವವನು ನಮ್ಮಲ್ಲಿ ಒಂದೋ ಪೊಲೀಸು, ಇಲ್ಲವೇ ಕಳ್ಳ. ಮನೆ ಬಿದ್ದು ಮಣ್ಣಾಗಿ, ಸರ್ಕಾರ ನಮ್ಮನ್ನೆಲ್ಲ ತಂದು ದುರೆಸ್ ಪಟ್ಟಣದ ಕಡಲ ದಂಡೆಯ ಹೋಟೆಲಿಗೆ ತುಂಬಿದ ಮೇಲೂ ಆ ಬುದ್ಧಿ ಹೋಗಲಿಲ್ಲ. ಬೇಸಿಗೆಯಲ್ಲಿ ಪ್ರವಾಸಿಗರು ಮರಳು ಮೆತ್ತಿದ ಕಾಲಲ್ಲೇ ತುಳಿದಾಡುವ ಕಾರ್ಪೆಟ್ಟು ಅದು. ಅದರ ಅಂಚಿಗೆ ನಾವು ಸಾಲಾಗಿ ಶೂ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಹೋಗುತ್ತಿದ್ದೆವು.

ನನ್ನ ಹೆಸರು ಸಾನಿಯೆ. ಕೊದ್ರಾ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕಸ ಗುಡಿಸಿದವಳು, ಗಂಟೆ ಬಾರಿಸಿದವಳು, ಚಳಿಗಾಲದಲ್ಲಿ ಒಲೆಗೆ ಸೌದೆ ಒಟ್ಟಿದವಳು. ನವೆಂಬರಿನ ಒಂದು ಬೆಳಗಿನ ಜಾವ ಭೂಮಿ ನಡುಗಿದಾಗ ಶಾಲೆಯ ಗೋಡೆ ತೋಳು ತೂರುವಷ್ಟು ಬಿರಿದು ಹಾಗೇ ನಿಂತುಕೊಂಡಿತು. ನನ್ನ ಮನೆ ನಿಲ್ಲಲಿಲ್ಲ. ಎರಡು ತಿಂಗಳಿಂದ ಹೋಟೆಲಿನ ನಾನೂರ ಹನ್ನೆರಡನೆಯ ಕೋಣೆಯಲ್ಲಿ ನಾವು ಮೂವರು: ನಾನು, ಸೊಸೆ ದಾಫಿನಾ, ಒಂಬತ್ತು ವರ್ಷದ ಮೊಮ್ಮಗಳು ಮಿರೆಲಾ. ಬಾಗಿಲಾಚೆ ಮಾತ್ರ ನಾಲ್ಕು ಜೊತೆ. ನಾಲ್ಕನೆಯದು ನನ್ನ ಮಗ ಪೆಲುಂಬನ ಕಪ್ಪು ಶೂ. ಅವನು ಕೊದ್ರಾದ ಗುಡ್ಡದ ಮೇಲೆ ಮಣ್ಣಿನಡಿ ಮಲಗಿದ್ದಾನೆ.

ಎಣಿಸುವ ಕೆಲಸ ನನ್ನ ತಲೆಗೆ ಬಿದ್ದದ್ದು ಪಟ್ಟಿ ಸಾಹೇಬನಿಂದ. ದಿನಾ ಸಂಜೆ ರಿಜಿಸ್ಟರು ಹಿಡಿದು ಬರುವ ಗುಮಾಸ್ತನೊಬ್ಬನಿಗೆ ನಾವಿಟ್ಟ ಹೆಸರು ಅದು. ಯಾರು ಹೋಟೆಲಿನಲ್ಲಿದ್ದಾರೆ, ಯಾರು ಬಿಟ್ಟುಹೋದರು ಎಂದು ಬರೆದುಕೊಳ್ಳುವುದು ಅವನ ಕೆಲಸ. ಹೊಸ ಮನೆಗಳ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ನಾವು ಇಲ್ಲೇ ಇರಬೇಕು, ಮಕ್ಕಳು ಇಲ್ಲಿನ ತರಗತಿಗೇ ಹೋಗಬೇಕು. ಮಗು ಮೂರು ದಿನ ತರಗತಿಯಲ್ಲಿ ಕಾಣದಿದ್ದರೆ ಆ ಕುಟುಂಬ ಬೇರೆಲ್ಲೋ ನೆಲೆ ಕಂಡಿದೆ ಎಂದು ಹೆಸರಿನ ಮೇಲೆ ಗೀಟು ಎಳೆಯುತ್ತೇನೆ ಎನ್ನುತ್ತಿದ್ದ. ಅದು ಸರ್ಕಾರದ ನಿಯಮವೋ, ಅವನ ಬಾಯಿಯ ನಿಯಮವೋ, ಕೇಳುವ ಧೈರ್ಯ ಯಾರಿಗಿತ್ತು? ಲಿಫ್ಟಿಗೆ ಕಾಲಿಡಲು ಅವನಿಗೂ ಭಯ, ಮೆಟ್ಟಿಲು ಹತ್ತಲು ಸೋಮಾರಿತನ. ಹಾಗಾಗಿ ಕೆಳಗೆ ಕಾಫಿ ಹೀರುತ್ತ ಕೂತು, ನಿಮ್ಮ ಮಹಡಿಯಲ್ಲಿ ಎಷ್ಟು ಸಾನಿಯಕ್ಕ ಎಂದು ನನ್ನನ್ನು ಕೇಳುತ್ತಿದ್ದ. ನಾನು ಶೂ ಎಣಿಸಿ ಬಂದು ಹೇಳುತ್ತಿದ್ದೆ.

ಶೂ ಸುಳ್ಳು ಹೇಳುತ್ತದೆಂದು ನನಗೆ ತಿಳಿಯದ್ದೇನಲ್ಲ. ಪಕ್ಕದ ಕೋಣೆಯ ಹಾಯ್ದರನ ಹೆಂಡತಿ ಇನ್ನೂ ಶಾಲೆಯ ವಯಸ್ಸಾಗದ ಮಕ್ಕಳನ್ನು ಕಟ್ಟಿಕೊಂಡು ರಾಜಧಾನಿ ಟಿರಾನಾದ ತಂಗಿ ಮನೆಗೆ ಹೋಗಿ ಮೂರು ವಾರವಾಗಿತ್ತು. ಅವನ ಬಾಗಿಲಲ್ಲಿ ಮಾತ್ರ ಆಕೆಯ ಎತ್ತರದ ಹಿಮ್ಮಡಿಯ ಶೂ ಮದುವೆಗೆ ಹೊರಟಂತೆ ಸಾಲಾಗಿ ನಿಂತಿರುತ್ತಿತ್ತು.

"ಏನಪ್ಪಾ ಹಾಯ್ದರ್, ನಿನ್ನ ಹೆಂಡತಿ ಮೂರು ವಾರದಿಂದ ಕಾಲು ಹೊರಗಿಟ್ಟಿಲ್ಲ. ಹುಷಾರಾಗಿದ್ದಾಳಾ?" ಎಂದು ಒಮ್ಮೆ ಕಾಲೆಳೆದೆ.

"ಎಣಿಸ್ಕೊಳ್ಳಿ ಸಾನಿಯಕ್ಕ, ನಿಮ್ಮ ಗಂಟೇನು ಹೋಗತ್ತೆ. ನಿಮ್ಮ ಬಾಗಿಲಲ್ಲೂ ಒಂದು ಜೊತೆ ಜಾಸ್ತಿನೇ ಇದೆ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಆಮೇಲೆ ಎರಡು ದಿನ ತಪ್ಪು ಮಾಡಿದವನಂತೆ ನನ್ನ ಕೋಣೆಗೆ ಬ್ರೆಡ್ಡು ತಂದುಕೊಟ್ಟ. ನಾನು ಪಟ್ಟಿ ಸಾಹೇಬನಿಗೆ ಅವನ ಹೆಂಡತಿ ಮಕ್ಕಳನ್ನೂ ಸೇರಿಸಿಯೇ ಲೆಕ್ಕ ಹೇಳಿದೆ.

ಆ ಹೋಟೆಲಿನಲ್ಲಿ ಭಯವಿಲ್ಲದವರು ಯಾರೂ ಇರಲಿಲ್ಲ. ನೆಲಕ್ಕೆ ಅಂಟಿಕೊಂಡು ಬದುಕಿದ ರೈತರನ್ನು ನಾಲ್ಕು ಐದು ಮಹಡಿ ಮೇಲೆ ಮಲಗಿಸಿದ್ದರು. ಮೇಲಿನವರು ಕುರ್ಚಿ ಎಳೆದರೆ ಕೆಳಗಿನವರು ಮೆಟ್ಟಿಲಿಗೆ ಓಡುತ್ತಿದ್ದರು. ಎಲ್ಲರೂ ಕೋಟು ಹಾಕಿಕೊಂಡೇ ಮಲಗುತ್ತಿದ್ದೆವು. ಮೇಜಿನ ಮೇಲೆ ಒಂದು ಖಾಲಿ ಬಾಟಲಿಯನ್ನು ಬುಡಮೇಲು ನಿಲ್ಲಿಸಿಡುವುದು, ಅದು ಬಿದ್ದ ಸದ್ದಾದರೆ ಏಳುವುದು. ನಮ್ಮ ಕೋಣೆಯ ಬಾಟಲಿಯನ್ನು ನಿಲ್ಲಿಸುತ್ತಿದ್ದವಳು ಮಿರೆಲಾ. ಅದು ನಿಂತಮೇಲೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲ, ಮಲಗಿ ಸೂರನ್ನೇ ನೋಡುತ್ತಿದ್ದಳು. ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯೇ ತಿನ್ನುತ್ತಿದ್ದಳು. ಒಂದು ಸಲ ಬೀನ್ಸ್ ಸಾರು ಆರಿ ಕೆನೆಗಟ್ಟುವವರೆಗೆ ಸೂರಿನ ಒಂದು ಗೆರೆಯನ್ನೇ ದಿಟ್ಟಿಸಿ ನೋಡಿ, ಇದು ನಿನ್ನೆ ಇಷ್ಟು ಉದ್ದ ಇರಲಿಲ್ಲ ಅಜ್ಜಿ ಅಂದಳು. ಅದು ಬಣ್ಣದ ಗೆರೆ ಎಂದು ನಾನು ಗದರಿದೆ. ಗದರಿದ ಮೇಲೆ ನಾನೂ ಆ ಗೆರೆಯನ್ನು ನೋಡತೊಡಗಿದೆ.

ದುರೆಸಿನ ಶಾಲೆಗಳು ತಮ್ಮ ಮಕ್ಕಳಿಗೇ ಜಾಗ ಸಾಲದೆ ಒದ್ದಾಡುತ್ತಿದ್ದವು. ಹಾಗಾಗಿ ನಮ್ಮ ಕೊದ್ರಾದ ಎರ್ಮಿರಾ ಟೀಚರು ಮಧ್ಯಾಹ್ನದ ಊಟವಾದ ಮೇಲೆ ಹೋಟೆಲಿನ ಊಟದ ಹಾಲಿನಲ್ಲೇ ಪಾಠ ಮಾಡುತ್ತಿದ್ದರು. ಒಂದನೆಯ ಕ್ಲಾಸಿನಿಂದ ಎಂಟರವರೆಗೆ ಇಪ್ಪತ್ತೇಳು ಮಕ್ಕಳು, ಟೀಚರು ಒಬ್ಬರೇ. ಪಾಪ, ಆಯಮ್ಮನಿಗೆ ಹತ್ತು ಬಾಯಿ ಇದ್ದರೂ ಸಾಲುತ್ತಿರಲಿಲ್ಲ. ಕಾರ್ಪೆಟ್ಟಿಗೆ ಕೆಸರಾಗಬಾರದೆಂದು ಮಾಲೀಕ ಹೇಳುವ ಮೊದಲೇ ನಾನು ಮಕ್ಕಳ ಬೂಟುಗಳನ್ನು ಕಡಲ ಕಡೆಯ ಮೆಟ್ಟಿಲ ಮೇಲೆ ಬಿಡಿಸಿ, ಅಲ್ಲೇ ಕೂತು ಕೆಸರು ಒರೆಸುತ್ತಿದ್ದೆ. ಶಾಲೆಯ ಆಯಾ ಅಲ್ಲವೇ, ಕೈ ಸುಮ್ಮನಿರಬೇಕಲ್ಲ. ದಾಫಿನಾ ಮೊದಲಿನಿಂದಲೂ ಶೂ ಹೊಲಿಯುವ ಕಾರ್ಖಾನೆಯ ಕೆಲಸದವಳು. ಆ ಕಾರ್ಖಾನೆಯವರು ಇಟಲಿಗೆ ಕಳಿಸಲಾಗದೆ ಉಳಿದ ಒಂದೇ ಬಗೆಯ ಕಂದು ಬೂಟುಗಳನ್ನು ನಮ್ಮ ಮಕ್ಕಳಿಗೆಲ್ಲ ಹಂಚಿದ್ದರು. ಇಪ್ಪತ್ತೇಳು ಜೊತೆಯೂ ತದ್ರೂಪು. ಅದಲು ಬದಲಾಗದಿರಲಿ, ಕೆಟ್ಟ ಕಣ್ಣೂ ತಾಕದಿರಲಿ ಎಂದು ಮಿರೆಲಾಳ ಬೂಟಿನ ಲಾಡಿಗೆ ನಾನು ಕೆಂಪು ಉಣ್ಣೆಯ ದಾರ ಕಟ್ಟಿದ್ದೆ. ಮೆಟ್ಟಿಲ ಮೇಲೆ ಆ ಕೆಂಪು ಕಂಡರೆ ನನ್ನ ಜೀವ ತಣ್ಣಗಾಗುತ್ತಿತ್ತು. ಮಗು ಒಳಗಿದೆ, ಕಲಿಯುತ್ತಿದೆ, ಪಟ್ಟಿಯಲ್ಲಿ ನಮ್ಮ ಹೆಸರಿದೆ.

ಪಾಠದ ಆ ಹಾಲ್ ಒಳಗೆ ಹೋಗಲು ಮಿರೆಲಾಳಿಗೆ ಸುತರಾಂ ಇಷ್ಟವಿರಲಿಲ್ಲ. ಓದಲು ಬೇಸರವೆಂದಲ್ಲ. ತಲೆಯ ಮೇಲೆ ಐದು ಮಹಡಿ ಇದೆಯಲ್ಲ, ಅದು. ನಾನು ಮರಳಿನ ಮೇಲೆ ಕೂತು ಬರೆಯುತ್ತೇನೆ, ಮಳೆ ಬಂದರೆ ಛತ್ರಿ ಹಿಡಿಯುತ್ತೇನೆ, ಟೀಚರಿಗೆ ಹೇಳು ಎಂದು ಗೋಗರೆದಳು. ನಾನು ಒಪ್ಪಲಿಲ್ಲ. ನೀನು ಒಳಗೆ ಕೂರದಿದ್ದರೆ ನಮಗೆ ಮನೆ ಸಿಗಲ್ಲ, ನಿನ್ನ ಅಪ್ಪನ ಹೆಸರಲ್ಲಿ ಬರುವ ಮನೆ ನಿನ್ನಿಂದ ತಪ್ಪತ್ತೆ ಎಂದು ಆ ಎಳೆಯ ಮಗುವಿಗೆ ಹೇಳಿದೆ. ಹೇಳಬಾರದಿತ್ತು. ಆದರೆ ಅರವತ್ತೆರಡರ ವಯಸ್ಸಿನಲ್ಲಿ ಬೀದಿಗೆ ಬಿದ್ದವಳಿಗೆ ಮನೆ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಆಮೇಲೆ ಅವಳು ಗಲಾಟೆ ಮಾಡಲಿಲ್ಲ. ದಿನಾ ಊಟವಾದ ಮೇಲೆ ತಾನಾಗಿಯೇ ಬೂಟು ಬಿಚ್ಚಿ, ಕೆಂಪು ದಾರ ನನಗೆ ಕಾಣುವಂತೆ ಮೊದಲ ಮೆಟ್ಟಿಲಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ಮಗು ಹೇಳಿದ ಮಾತು ಕೇಳುತ್ತದೆ ಎಂದು ನಾನು ಬೀಗಿದೆ.

ಹೋಟೆಲಿನಿಂದ ಮುನ್ನೂರು ಹೆಜ್ಜೆಯಾಚೆ, ಮರಳಿನಲ್ಲಿ ಅರ್ಧ ಹೂತ ಒಂದು ಹಳೆಯ ಬಂಕರ್ ಇದೆ. ನಾನು ಹುಡುಗಿಯಾಗಿದ್ದಾಗ ಸರ್ಕಾರ ಯಾವ ಶತ್ರುವಿಗೋ ಹೆದರಿ ಊರೂರಿಗೂ ಕಟ್ಟಿಸಿದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಒಂದು. ಶತ್ರು ಬರಲಿಲ್ಲ, ಪ್ರೇಮಿಗಳೂ ಆಡುಗಳೂ ಅದನ್ನು ಬಳಸಿಕೊಂಡರು. ಒಂದು ದಿನ ಊಟದ ಸಾಲಿನಲ್ಲಿ ಹಾಯ್ದರ್ ಅದರ ಕಡೆ ಚಮಚ ತೋರಿಸಿ, ದೇಶದಲ್ಲಿ ಬಿರುಕು ಬಿಡದ ಕಟ್ಟಡ ಅದೊಂದೇ ಕಣ್ರಪ್ಪಾ, ಸರ್ಕಾರ ಕೊಡೋದಾದ್ರೆ ನಮಗೆ ತಲೆಗೊಂದು ಬಂಕರ್ ಕೊಡಲಿ ಎಂದ. ಎಲ್ಲರೂ ನಕ್ಕರು. ಮಿರೆಲಾ ನಗಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಿದ್ದಳೆಂದು ನನಗೆ ಈಗ ನೆನಪಾಗುತ್ತದೆ.

ಆ ಬೆಳಗಿನ ಜಾವದ್ದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಮಂಚ ನಮ್ಮನ್ನು ಎತ್ತಿ ಒಗೆದಾಗ ಪೆಲುಂಬ ಮಿರೆಲಾಳನ್ನು ಬಾಚಿಕೊಂಡು ಅಂಗಳಕ್ಕೆ ಓಡಿದ, ಹಿಂದೆಯೇ ನಾನು. ಎಲ್ಲರದೂ ಬರಿಗಾಲು. ಕರೆಂಟು ಹೋಗಿತ್ತು. ಅವನು ಫೋನಿನ ದೀಪ ಹಿಡಿದು ದಾಫಿನಾಳನ್ನು ಕೂಗಿದ, ಉತ್ತರವಿಲ್ಲ. ಆ ಬೆಳಕಿನಲ್ಲಿ ಹೊಸ್ತಿಲಾಚೆ ದಾಫಿನಾಳ ಶೂ ನನ್ನ ಕಣ್ಣಿಗೆ ಬಿತ್ತು. ಅವಳ ಶೂ ಇಲ್ಲೇ ಇದೆ, ಒಳಗೇ ಇದ್ದಾಳೆ ಎಂದು ನಾನು ಕೂಗಿದೆ. ಎಲ್ಲರೂ ಬರಿಗಾಲಲ್ಲಿ ಓಡಿ ಬಂದ ಹೊತ್ತಿನಲ್ಲಿ ಶೂ ಬಾಗಿಲಲ್ಲೇ ಇರುತ್ತದೆಂದು ಹೊಳೆಯುವಷ್ಟು ಬುದ್ಧಿಯೂ ನನಗಿರಲಿಲ್ಲ. ಜೀವಮಾನವೆಲ್ಲ ಶೂ ನೋಡಿ ಮನೆಯೊಳಗೆ ಯಾರಿದ್ದಾರೆಂದು ತಿಳಿದವಳ ಬಾಯಿಗೆ ಬಂದ ಮಾತು ಅದು. ಪೆಲುಂಬ ಮಗುವನ್ನು ನನ್ನ ತೋಳಿಗಿಟ್ಟು ಒಳಗೆ ಹೋದ. ಇಪ್ಪತ್ತು ಎಣಿಸುವುದರೊಳಗೆ ಎರಡನೆಯ ಸಲ ಭೂಮಿ ನಡುಗಿತು, ತಾರಸಿ ಕೂತುಬಿಟ್ಟಿತು. ದಾಫಿನಾ ಹಿಂದಿನ ಕಿಟಕಿಯಿಂದ ಹಾರಿ, ಕೋಳಿಗೂಡಿನ ಪಕ್ಕದಲ್ಲಿ ಬರಿಗಾಲಲ್ಲಿ, ಭಯಕ್ಕೆ ದನಿ ಕಟ್ಟಿ ನಿಂತಿದ್ದಳು. ಧೂಳು ಇಳಿದ ಮೇಲೆ ಗೋಡೆ ಹಿಡಿದುಕೊಂಡು ಈ ಕಡೆ ಬಂದಳು.

ದುಃಖ ಕೇಳಲು ಬಂದ ಹೆಂಗಸರೆಲ್ಲ ಹೆಂಡತಿಗಾಗಿ ಪ್ರಾಣ ಕೊಟ್ಟ ಎಂದರು. ದಾಫಿನಾ ಆ ಮಾತನ್ನು ಎದೆಗೊತ್ತಿಕೊಂಡು ಬದುಕಿದಳು. ಹೋಗುವಾಗ ಅವರು ಏನಾದರೂ ಅಂದರಾ ಅತ್ತೆ ಎಂದು ಒಮ್ಮೆ ನನ್ನನ್ನು ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಅದು ನಿಜವೇ. ಅಂದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಯಿತು. ಅವನ ಶೂ ಮಾತ್ರ ಹೊಸ್ತಿಲಾಚೆ ಹೇಗಿತ್ತೋ ಹಾಗೇ ಉಳಿದಿತ್ತು. ಅದನ್ನು ಒರೆಸಿ ತಂದು ಹೋಟೆಲಿನ ಬಾಗಿಲಲ್ಲಿಟ್ಟೆ. ಇಲ್ಲಿ ಎಷ್ಟೋ ಗಂಡಸರು ಚಪ್ಪಲಿಯಲ್ಲಿ ನಡುಗುತ್ತಿದ್ದಾರೆ, ಯಾರಿಗಾದರೂ ಕೊಡೋಣ ಎಂದು ದಾಫಿನಾ ಎರಡು ಮೂರು ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಜನವರಿಯ ಕೊನೆಯ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಆ ಶೂ ಇರಲಿಲ್ಲ.

ದಾಫಿನಾ ಆಗಲೇ ಆರು ಗಂಟೆಯ ಕಾರ್ಖಾನೆ ಬಸ್ಸಿಗೆ ಹೋಗಿದ್ದಳು. ನನಗೆ ತಿಳಿಯದಂತೆ ಕೊಟ್ಟುಬಿಟ್ಟಿದ್ದಾಳೆ ಎಂದು ನನ್ನ ಮೈ ಉರಿಯಿತು. ಸಂಜೆ ಬರಲಿ, ಮಾಡುತ್ತೇನೆ ಎಂದು ದಿನವಿಡೀ ಮನಸ್ಸಿನಲ್ಲೇ ಅವಳ ಜೊತೆ ಜಗಳವಾಡಿದೆ. ಎಂಥೆಂಥ ಮಾತು ಜೋಡಿಸಿಟ್ಟುಕೊಂಡಿದ್ದೆನೋ, ನೆನೆದರೆ ನಾಚಿಕೆಯಾಗುತ್ತದೆ. ಹೋಟೆಲಿನ ಗಂಡಸರ ಕಾಲುಗಳನ್ನೆಲ್ಲ ನೋಡುತ್ತ ತಿರುಗಿದೆ. ಯಾರ ಕಾಲಲ್ಲೂ ಅದಿರಲಿಲ್ಲ.

ಮಧ್ಯಾಹ್ನ ಮಕ್ಕಳು ಬಂದು ಬೂಟು ಬಿಚ್ಚಿದರು. ಮಿರೆಲಾ ಕೆಂಪು ದಾರದ ಬೂಟನ್ನು ಎಂದಿನಂತೆ ಮೊದಲ ಮೆಟ್ಟಿಲಲ್ಲಿಟ್ಟು, ಎದೆಗೆ ಚೀಲ ಅವುಚಿಕೊಂಡು ಒಳಗೆ ಹೋದಳು. ಎರ್ಮಿರಾ ಟೀಚರು ಹಾಜರಿ ಕೂಗಿದ್ದು, ಇಪ್ಪತ್ತೇಳು ದನಿ ಓ ಎಂದದ್ದು ನನಗೆ ಹೊರಗೆ ಕೇಳಿಸಿತು. ನಾನು ಮೆಟ್ಟಿಲ ಮೇಲೆ ಕೂತು ಒರೆಸತೊಡಗಿದೆ. ಕಡಲು ಬೂದಿ ಬಣ್ಣಕ್ಕೆ ತಿರುಗಿ ಸಪ್ಪಗೆ ಬಿದ್ದಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಬೂಟುಗಳು ನಡೆಯತೊಡಗಿದವು. ಐವತ್ತನಾಲ್ಕು ಬೂಟು, ಒಂದರಲ್ಲೂ ಕಾಲಿಲ್ಲ, ಮೆಟ್ಟಿಲ ಮೇಲೆ ಟಕಟಕ ಎನ್ನುತ್ತ ತಾವಾಗಿ ಸರಿದವು. ಅದೇನೆಂದು ನನ್ನ ತಲೆಗೆ ಹೋಗುವ ಮೊದಲೇ ಒಳಗಿನ ಗಾಜಿನ ದೀಪಗುಚ್ಛ ಕಳಚಿ ಬಿದ್ದ ಸದ್ದು ಬಂತು. ಮಕ್ಕಳು ಕಾಲುಚೀಲದಲ್ಲಿ ನನ್ನನ್ನು ತುಳಿದುಕೊಂಡೇ ಮರಳಿಗೆ ಹಾರಿದರು. ಟೀಚರು ಕೊನೆಯಲ್ಲಿ ಬಂದರು, ಹಣೆಯಲ್ಲಿ ರಕ್ತ. ಎಲ್ಲರೂ ಬಂದರು, ಎಲ್ಲರೂ ಬಂದರು ಎಂದು ಅವರು ಹೇಳುತ್ತಲೇ ಇದ್ದರು. ನಾನು ತಲೆ ಎಣಿಸಿದೆ. ಇಪ್ಪತ್ತಾರು. ಒಂದೊಂದು ತಲೆಯನ್ನೂ ಕೈಯಿಂದ ಮುಟ್ಟಿ ಮತ್ತೆ ಎಣಿಸಿದೆ. ಇಪ್ಪತ್ತಾರೇ.

ಮಿರೆಲಾ ಇರಲಿಲ್ಲ. ಮೆಟ್ಟಿಲ ಮೇಲೆ ಕೆಂಪು ದಾರದ ಬೂಟು ಇತ್ತು.

ಅವಳೆಲ್ಲಿ ಕೂತಿದ್ದಳೆಂದು ಟೀಚರನ್ನು ಕೇಳಿದೆ. ಹಿಂದೆ, ಅಡುಗೆಮನೆ ಬಾಗಿಲ ಹತ್ತಿರ, ಹಾಜರಿಗೆ ಓ ಅಂದಳಲ್ಲ ಎನ್ನುತ್ತ ಅವರು ಅಳತೊಡಗಿದರು. ಊಟದ ಹಾಲಿನ ಸೂರಿನಿಂದ ಪ್ಲಾಸ್ಟರಿನ ಹಲಗೆಗಳು ತಂತಿಗೆ ಜೋತು ತೂಗುತ್ತಿದ್ದವು. ಮೇಲಿನ ಮಹಡಿಗಳಿಂದ ಜನ ಇನ್ನೂ ಇಳಿಯುತ್ತಲೇ ಇದ್ದರು. ಅದೇ ಹೊತ್ತಿಗೆ ರಸ್ತೆಯ ಕಡೆ ಕಾರ್ಖಾನೆಯ ಬಸ್ಸು ನಿಂತಿತು, ದಾಫಿನಾ ಕೋಟು ಹಾರಿಸಿಕೊಂಡು ಓಡಿ ಬಂದಳು. ಮಕ್ಕಳ ಮುಖಗಳನ್ನೆಲ್ಲ ನೋಡಿದಳು. ಮೆಟ್ಟಿಲು ನೋಡಿದಳು. ಕೆಂಪು ದಾರ ನೋಡಿದಳು. ಒಳಗೆ ನುಗ್ಗಲು ಹೊರಟವಳ ಕೋಟನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಿಡಿ ಅತ್ತೆ. ಮಗು ಒಳಗಿದೆ."

"ಬೂಟು ನೋಡಿ ಹೋಗಬೇಡ ಕಣೇ."

"ದಿನಾ ಬೂಟು ನೋಡೇ ಅಲ್ವಾ ನೀವು ಲೆಕ್ಕ ಹೇಳೋದು? ಬಿಡಿ ಅಂದೆ."

ಅವಳು ಇಪ್ಪತ್ತು ವರ್ಷ ತೊಗಲು ಹೊಲಿದ ಹೆಂಗಸು, ಕೈಯಲ್ಲಿ ಬಲವಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಒಳಗೆ ಮತ್ತೊಂದು ಹಲಗೆ ಕಳಚಿ ಬಿತ್ತು. ಮಗು ನಿಜವಾಗಿ ಒಳಗಿದ್ದರೆ ಇವಳನ್ನು ತಡೆದವಳು ನಾನಾಗುತ್ತೇನೆ. ಮಗು ಒಳಗಿಲ್ಲದೆ ಇವಳನ್ನು ಬಿಟ್ಟರೆ, ಮಗನಂತೆ ಇವಳನ್ನೂ ಸಾವಿಗೆ ಕಳಿಸಿದವಳು ನಾನಾಗುತ್ತೇನೆ. ಅಂಥ ಭಯವನ್ನು ನಾನು ಆ ಬೆಳಗಿನ ಜಾವವೂ ಕಂಡಿರಲಿಲ್ಲ. ಕೊನೆಯ ಬೆರಳು ಬಿಡುವ ಹೊತ್ತಿಗೆ, ಎರಡು ತಿಂಗಳಿಂದ ಮುಚ್ಚಿಟ್ಟಿದ್ದ ಮಾತು ಹೊರಗೆ ಬಂತು.

"ಆವತ್ತು ನಿನ್ನ ಶೂನೂ ಬಾಗಿಲಲ್ಲೇ ಇತ್ತು. ನಾನೇ ಹೇಳಿದ್ದು. ಅವಳ ಶೂ ಇಲ್ಲೇ ಇದೆ, ಒಳಗಿದ್ದಾಳೆ ಅಂತ ನಾನೇ ಕೂಗಿದ್ದು. ಅದಕ್ಕೇ ಅವನು ಹೋಗಿದ್ದು. ನೀನು ಕೋಳಿಗೂಡಿನ ಹತ್ತಿರ ನಿಂತಿದ್ದೆ."

ದಾಫಿನಾಳ ಕೈ ನಿಂತಿತು. ಅವಳು ನನ್ನ ಮುಖ ನೋಡಿದ ಬಗೆಯನ್ನು ನಾನು ವರ್ಣಿಸಲಾರೆ, ವರ್ಣಿಸಲು ಇಷ್ಟವೂ ಇಲ್ಲ.

"ನೀವು ಹೇಳಿದ್ದಾ," ಎಂದಳು.

"ನಾನೇ. ಇನ್ನೊಂದು ಸಲ ನನ್ನಿಂದ ಅದು ಬೇಡ. ನೀನು ಬೆಳಿಗ್ಗೆ ಪೆಲುಂಬನ ಶೂ ಯಾರಿಗೆ ಕೊಟ್ಟೆ?"

ಅವಳು ಕಣ್ಣು ಮಿಟುಕಿಸಿದಳು. ಇದೇನು ಕೇಳುತ್ತಿದ್ದೀರಿ ಎನ್ನುವಂತೆ ತುಟಿ ಅಲುಗಿತು.

"ನಾನು ಯಾರಿಗೂ ಕೊಟ್ಟಿಲ್ಲ."

ಇಬ್ಬರಿಗೂ ಒಟ್ಟಿಗೇ ತಿಳಿಯಿತು, ಆ ಶೂ ಒಯ್ದವಳು ಮಿರೆಲಾ. ಮಧ್ಯಾಹ್ನ ಮಗು ಎದೆಗೆ ಅವುಚಿಕೊಂಡಿದ್ದ ಚೀಲ ಪುಸ್ತಕಕ್ಕಿಂತ ದಪ್ಪಗಿದ್ದದ್ದು ನನಗೆ ಆಗ ಕಣ್ಣಿಗೆ ಕಟ್ಟಿತು. ದಾಫಿನಾ ಹಿಂದಿರುಗಿ ಒಂದು ಹೆಜ್ಜೆ ಮೆಟ್ಟಿಲು ಇಳಿದಳು, ಎರಡನೆಯ ಹೆಜ್ಜೆ ಇಡುವಾಗ ಭೂಮಿ ಮತ್ತೆ ನಡುಗಿತು. ಊಟದ ಹಾಲಿನ ಇಡೀ ಸೂರು, ಕಂಬಿ ತಂತಿಗಳ ಸಮೇತ, ಮಕ್ಕಳು ಕೂತಿದ್ದ ಮೇಜುಗಳ ಮೇಲೆ ಇಳಿಯಿತು. ಬಾಗಿಲಿನಿಂದ ಬಿಳಿ ಧೂಳು ಎದ್ದು ಬಂದು ನಮ್ಮಿಬ್ಬರನ್ನೂ ಮುಚ್ಚಿತು.

ಧೂಳಿನಲ್ಲೇ ನಾವು ಕಟ್ಟಡ ಬಳಸಿ ಓಡಿದೆವು. ಅಡುಗೆಮನೆಯ ಹಿಂಬಾಗಿಲಿನಿಂದ ಮರಳಿನ ಮೇಲೆ ಹೆಜ್ಜೆ ಹೊರಟಿತ್ತು. ದೊಡ್ಡ ಗಂಡಸಿನ ಶೂವಿನ ಗುರುತು, ನಡುವಿನ ಅಂತರ ಮಾತ್ರ ಮಗುವಿನದು. ಒಂದೊಂದು ಹೆಜ್ಜೆಯೂ ಎಳೆದುಕೊಂಡು ಹೋದಂತೆ ಉದ್ದವಾಗಿತ್ತು. ಅದು ನೇರ ಬಂಕರಿಗೆ ಹೋಗಿತ್ತು.

ಬಂಕರಿನೊಳಗೆ ಮಿರೆಲಾ ಗೋಡೆಗೆ ಬೆನ್ನು ಒತ್ತಿ, ಕಿವಿ ಮುಚ್ಚಿಕೊಂಡು ಕೂತಿದ್ದಳು. ಅವಳ ಅಪ್ಪನ ಕಪ್ಪು ಶೂ ಮೊಣಕಾಲಿನವರೆಗೂ ಬರುತ್ತದೆಯೋ ಎನ್ನುವಷ್ಟು ದೊಡ್ಡದಾಗಿ ಕಂಡಿತು. ಮಡಿಲಲ್ಲಿ ಕಾಪಿ ಪುಸ್ತಕ. ದಾಫಿನಾ ಒಳಗೆ ತೆವಳಿ ಹೋಗಿ ಅವಳನ್ನು ತಬ್ಬಿಕೊಂಡಳು. ನಾನು ಹೊರಗೇ ಕುಸಿದು ಕೂತೆ. ಉಸಿರು ಬರುವವರೆಗೂ ಕಾದು, ಬುದ್ಧಿ ಇಲ್ಲದವಳು, ಕೇಳಬಾರದ್ದನ್ನೇ ಕೇಳಿದೆ. ಯಾವಾಗಿನಿಂದ ಇಲ್ಲಿಗೆ ಬರುತ್ತಿದ್ದೀಯ, ಬೂಟು ಅಲ್ಲಿ ಯಾಕೆ ಬಿಟ್ಟು ಬಂದೆ ಎಂದು.

ಎರಡು ವಾರದಿಂದ ಎಂದಳು. ಹಾಜರಿಗೆ ಓ ಎಂದು ಅಡುಗೆಮನೆಯಿಂದ ಜಾರಿಕೊಳ್ಳುತ್ತಿದ್ದಳಂತೆ. ಬರಿಗಾಲಲ್ಲಿ ಮರಳು ಕೊರೆಯುತ್ತದೆಂದು ಇವತ್ತು ಅಪ್ಪನ ಶೂ ತಂದಳಂತೆ. ಪಾಠ ತಪ್ಪಬಾರದೆಂದು ಪುಸ್ತಕ ನೋಡಿ ಒಂದು ಸಾಲೂ ಬಿಡದೆ ಬರೆದುಕೊಂಡಿದ್ದಳು, ಮನೆ ತಪ್ಪಬಾರದಲ್ಲ. ಆಮೇಲೆ ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಹೇಳಿದಳು.

"ಬೂಟು ಅಲ್ಲಿದ್ರೆ ನಾನು ಒಳಗಿದೀನಿ ಅಂದ್ಕೊಳ್ತೀಯಲ್ಲ ಅಜ್ಜಿ. ಆವತ್ತು ನೀನು ಅಮ್ಮನ್ನೂ ಹಾಗೇ ಅಂದ್ಕೊಂಡಿದ್ದೆ."

ಆ ಬೆಳಗಿನ ಜಾವ ಅವಳು ನನ್ನ ತೋಳಿನಲ್ಲೇ ಇದ್ದಳಲ್ಲ. ಎಲ್ಲ ಕೇಳಿಸಿಕೊಂಡಿದ್ದಳು. ಎರಡು ತಿಂಗಳು ನನ್ನ ಪಕ್ಕದಲ್ಲೇ ಮಲಗಿ ಸೂರು ನೋಡುತ್ತಿದ್ದ ಮಗುವಿಗೆ ಅದು ಗೊತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ.

ಆ ಸಂಜೆಯೇ ಹೋಟೆಲು ಖಾಲಿ ಮಾಡಿಸಿದರು. ನಮ್ಮ ಶೂಗಳೆಲ್ಲ ನಾಲ್ಕನೆಯ ಮಹಡಿಯ ಕಾರ್ಪೆಟ್ಟಿನ ಅಂಚಿನಲ್ಲೇ ಉಳಿದವು, ಹಾಯ್ದರನ ಹೆಂಡತಿಯ ಎತ್ತರದ ಹಿಮ್ಮಡಿಯದೂ. ಈಗ ಫುಟ್ಬಾಲ್ ಮೈದಾನದಲ್ಲಿ ಸೈನ್ಯದವರು ಹೊಡೆದ ಡೇರೆಗಳಲ್ಲಿ ಇದ್ದೇವೆ. ಶಾಲೆಯೂ ಒಂದು ಡೇರೆ. ಮಳೆ ಬಂದರೆ ಎರ್ಮಿರಾ ಟೀಚರ ದನಿ ಮುಂದಿನ ಸಾಲಿಗೇ ಕೇಳಿಸುವುದಿಲ್ಲ. ಆದರೆ ಮಿರೆಲಾ ಮೊದಲ ಸಾಲಿನಲ್ಲಿ ಕೂರುತ್ತಾಳೆ, ಬಟ್ಟೆಯ ಸೂರನ್ನು ಕತ್ತೆತ್ತಿ ನೋಡುವುದಿಲ್ಲ. ಪಟ್ಟಿ ಸಾಹೇಬ ಈಗ ಡೇರೆಯೊಳಗೆ ಇಣುಕಿ ತಾನೇ ತಲೆ ಎಣಿಸುತ್ತಾನೆ. ಮನೆ ಮುಂದಿನ ಚಳಿಗಾಲಕ್ಕೆ ಎಂದಿದ್ದಾನೆ. ಯಾವ ಚಳಿಗಾಲವೋ ನಾನು ಕೇಳಲಿಲ್ಲ.

ದಾಫಿನಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡೇರೆಗೆ ಬಂದ ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನನ್ನನ್ನು ಎಬ್ಬಿಸಿ, ನನ್ನ ಕೈ ಹಿಡಿದು ನಿದ್ದೆಯಲ್ಲಿದ್ದ ಮಿರೆಲಾಳ ತಲೆಯ ಮೇಲಿಟ್ಟಳು. ಇದನ್ನ ಎಣಿಸಿ ಎಂದಳು. ತನ್ನ ಶೂವನ್ನು ಅವಳು ಬಾಗಿಲಾಚೆ ಬಿಡುವುದಿಲ್ಲ, ಕಾಗದದಲ್ಲಿ ಸುತ್ತಿ ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಪೆಲುಂಬನ ಶೂ ಹಾಯ್ದರನ ಕಾಲಲ್ಲಿದೆ. ಕೊಟ್ಟವಳು ನಾನೇ.

ಆ ದಿನದಿಂದ ಅವಳು ನನ್ನನ್ನು ಅತ್ತೆ ಎಂದು ಕರೆದಿಲ್ಲ. ಸಂಜೆ ಡೇರೆಯ ಪರದೆ ಸರಿಸುವಾಗ ಮಾತ್ರ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಬಂದೆ ಎನ್ನುತ್ತಾಳೆ. ಅಷ್ಟೇ. ನಾಲ್ಕು ಗಂಟೆಯಾಯಿತೆಂದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಆ ಒಂದು ಮಾತಿಗೆ ಕಿವಿಗೊಟ್ಟು ಕೂರುತ್ತೇನೆ. ಈಗ ನಾಲ್ಕೂವರೆಯಾಗಿದೆ. ಬಸ್ಸು ಇನ್ನೂ ಬಂದಿಲ್ಲ.